ಬಣ್ಣದ ಟಿಐ-84 ಹಳೇದಕ್ಕಿಂತ ನಿಧಾನ ಯಾಕೆ?

ಕಾರವಾರದ ಉಬ್ಬರವಿಳಿತದ ನಕ್ಷೆ, ಅಂದ್ರೆ ನಾಲ್ಕು ಸೈನ್ ಪದಗಳ ಮೊತ್ತ, ಗ್ರಾಫ್ ಬಿಡಿಸುವ ಕ್ಯಾಲ್ಕ್ಯುಲೇಟರ್‌ಗಳಲ್ಲಿ ಹಳೇ ಕಪ್ಪು-ಬಿಳುಪು ಟಿಐ-84 ಪ್ಲಸ್‌ಗಿಂತ ಬಣ್ಣದ ‘ಪ್ಲಸ್ ಸಿ’ಯಲ್ಲಿ ನಿಧಾನ ಬರ್ತಿದೆ, ಮಷೀನು ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಕೆಟ್ಟಿಲ್ಲ ಮಾರಾಯ್ರೆ, ಅದರ ಹಣೆಬರಹವೇ ಅಷ್ಟು. 2013ರ ಆ ಮಾದರಿಯಲ್ಲೂ ಇರೋದು ಹಳೇ 15 ಮೆಗಾಹರ್ಟ್ಸ್‌ನ ಝಡ್80 ಪ್ರೊಸೆಸರ್ ಚಿಪ್ಪೇ. ಪರದೆ ಮಾತ್ರ 96×64ರಿಂದ 320×240ಕ್ಕೆ ಹೋಯ್ತು. ಮೊದಲು ನಕ್ಷೆಯ ಅಗಲಕ್ಕೆ 95 ಬಿಂದು ಲೆಕ್ಕ ಹಾಕಿದ್ರೆ ಸಾಕಿತ್ತು, ಈಗ 265. ಎತ್ತು ಅದೇ, ಗಾಡಿ ದೊಡ್ಡದು. ಮುಂದಿನ ಮಾದರಿಯಾದ 2015ರ ‘ಪ್ಲಸ್ ಸಿಇ’ಗೆ ಮಾತ್ರ ಹೆಚ್ಚು ವೇಗದ, 48 ಮೆಗಾಹರ್ಟ್ಸ್‌ನ ಇಝಡ್80 ಹಾಕಿದ್ದಾರೆ.

ವಿಂಡೋ ಸೆಟ್ಟಿಂಗ್‌ನಲ್ಲಿ, ಪರದೆಯ ಎಷ್ಟು ಚುಕ್ಕೆಗೊಮ್ಮೆ ಲೆಕ್ಕ ಹಾಕಬೇಕು ಅಂತ ಹೇಳೋ ಎಕ್ಸ್‌ರೆಸ್ 1 ಇದ್ರೆ 3 ಮಾಡಿ, ಲೆಕ್ಕದ ಹೊರೆ ಮೂರನೇ ಒಂದಕ್ಕೆ ಇಳಿಯುತ್ತೆ. ಆದ್ರೆ ಆಗ ಎಕ್ಸ್ ವ್ಯಾಪ್ತಿ 72 ಗಂಟೆಯಷ್ಟೇ ಇರಲಿ. ತಿಂಗಳಿಡೀ 720 ಗಂಟೆ ಇಟ್ರೆ ಬಿಂದುಗಳ ನಡುವೆ ಸುಮಾರು 8.2 ಗಂಟೆ ಅಂತರ ಬೀಳುತ್ತೆ. ಆ ನಾಲ್ಕು ಸೈನ್ ಪದಗಳಲ್ಲಿ ಚಂದ್ರನಿಂದ ಬರೋ ಮುಖ್ಯ ಪದದ ಅವಧಿ 12.42 ಗಂಟೆ, ಅದಕ್ಕೆ 6.2 ಗಂಟೆಯೊಳಗೆ ಒಂದು ಬಿಂದು ಬೇಕೇ ಬೇಕು. ಇಲ್ಲದಿದ್ರೆ ಪರದೆ ಮೇಲೆ ಇಲ್ಲದ ಉಬ್ಬರವೆಲ್ಲ ಕಾಣುತ್ತೆ. ನಕ್ಷೆ ನೋಡಲು ಚಂದ ಇರುತ್ತೆ, ತಪ್ಪಾಗಿರುತ್ತೆ.

ಇನ್ನೊಂದು, ಸೂತ್ರದಲ್ಲಿ 2π÷12.42 ಅಂತ ಬರೆದಿದ್ರೆ ಪ್ರತಿ ಬಿಂದುವಿಗೂ ಆ ಭಾಗಾಕಾರ ಮತ್ತೆ ನಡೆಯುತ್ತೆ. ನೇರ 0.50589 ಹಾಕಿ, ಉಳಿದ ಮೂರು ಪದಗಳಿಗೂ ಹಾಗೇ. ಮೋಡ್ ರೇಡಿಯನ್‌ನಲ್ಲಿರಲಿ. ಸೆಕೆಂಡ್ ಒತ್ತಿ ಝೂಮ್ ಒತ್ತಿದ್ರೆ ಬರೋ ಫಾರ್ಮ್ಯಾಟ್‌ನಲ್ಲಿ ‘ಡಿಟೆಕ್ಟ್ ಅಸಿಂಪ್ಟೋಟ್ಸ್’ (ಗೆರೆ ಅನಂತಕ್ಕೆ ಹಾರುವ ಜಾಗ ಹುಡುಕೋ ಆಯ್ಕೆ) ಆಫ್ ಮಾಡಿ. ಸೈನ್‌ಗೆ ಅದರ ಅಗತ್ಯವೇ ಇಲ್ಲ. ಟ್ಯಾನ್ ಬಿಡಿಸುವಾಗ ಮಾತ್ರ ಮತ್ತೆ ಆನ್ ಮಾಡ್ಕೊಳ್ಳಿ, ಇಲ್ಲಾಂದ್ರೆ ನಡುವೆ ನೆಟ್ಟಗಿನ ಸುಳ್ಳು ಗೆರೆ ಬರುತ್ತೆ.