ಅಮ್ಮ ಆರೈಕೆ ಕೇಂದ್ರಕ್ಕೆ ಒಪ್ಪದಿದ್ದರೆ

ಡಿಮೆನ್ಶಿಯಾ (ಮರೆವಿನ ಕಾಯಿಲೆ) ಇರುವ ಅಮ್ಮನನ್ನು ಎರಡು ವಾರ ಆರೈಕೆ ಕೇಂದ್ರದಲ್ಲಿ ಬಿಡಬೇಕು, ಆದರೆ ಮಾತೆತ್ತಿದರೆ ಸಾಕು ಜಗಳವೇ? ಹಾಗಾದರೆ ಮುಂಚಿತವಾಗಿ ಮಾತೆತ್ತಲೇಬೇಡಿ. ವಾರ ಮೊದಲೇ ಹೇಳಿದರೆ ವಿಷಯ ಮರೆತುಹೋಗುತ್ತದೆ, ಗಾಬರಿ ಮಾತ್ರ ಉಳಿಯುತ್ತದೆ. ಹೊರಡುವ ದಿನವೇ ಚುಟುಕಾಗಿ ಹೇಳಿ: "ನನಗೆ ಸ್ವಲ್ಪ ಕೆಲಸ ಇದೆ ಅಮ್ಮ, ಅಲ್ಲಿಯವರೆಗೆ ಇವರು ನೋಡ್ಕೋತಾರೆ." ವಾದ ಬೇಡ, ತರ್ಕದಿಂದ ಅವರನ್ನು ಒಪ್ಪಿಸಲಾಗದು.

ಅದಕ್ಕೂ ಮುಂಚೆ ಒಂದೆರಡು ಸಲ ಸುಮ್ಮನೆ ಕಾಫಿಗೆಂದು ಅಲ್ಲಿಗೆ ಕರೆದೊಯ್ಯಿರಿ. ಸೇರಿಸುವ ದಿನ ತಿಂಡಿಯಾದ ಮೇಲೆ ಬೆಳಿಗ್ಗೆಯೇ ಹೋಗಿ. ಸಂಜೆಯಾದಂತೆ ಅನೇಕರಿಗೆ ಗೊಂದಲ, ಚಡಪಡಿಕೆ ಹೆಚ್ಚು. ಬ್ಯಾಗನ್ನು ಅವರ ಕಣ್ಣಿಗೆ ಬೀಳದಂತೆ ಜೋಡಿಸಿ. ಹೊಸ ಹೊದಿಕೆ ಕೊಳ್ಳಬೇಡಿ, ದಿನಾ ಹೊದೆಯುವ ಹಳೆಯದೇ ಇರಲಿ. ಮಾತ್ರೆಗಳು ಸ್ಟ್ರಿಪ್‌ನಲ್ಲೇ, ವೈದ್ಯರ ಚೀಟಿಯೊಂದಿಗೆ.

ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದು ಕೇಂದ್ರದವರಿಗೆ ಬರೆದುಕೊಡುವ ಒಂದು ಪುಟದ ಟಿಪ್ಪಣಿ: ಏನೆಂದು ಕರೆದರೆ ಓಗೊಡುತ್ತಾರೆ, ರಾತ್ರಿ ಎಷ್ಟು ಹೊತ್ತಿಗೆ ಏಳುತ್ತಾರೆ, ಶೌಚಕ್ಕೆ ಹೋಗಬೇಕಾದಾಗ ಏನು ಮಾಡುತ್ತಾರೆ (ಸೆರಗು ಎಳೆಯುವುದು, ಎದ್ದು ಓಡಾಡುವುದು). ಇದು ಗೊತ್ತಿಲ್ಲದಿದ್ದರೆ ಸಿಬ್ಬಂದಿ ಅದನ್ನೇ ಹಟ ಅಂದುಕೊಳ್ಳುತ್ತಾರೆ.

ಪ್ರಯಾಣಕ್ಕೆಂದು ನೀವೇ ನಿದ್ರೆ ಮಾತ್ರೆ ಕೊಡಬೇಡಿ, ಬೀಳುವ ಅಪಾಯ ಹೆಚ್ಚು. ಅಲ್ಲಿ ಏಕಾಏಕಿ ಗೊಂದಲ ಏರಿದರೆ ಹೊಸ ಜಾಗವನ್ನಷ್ಟೇ ದೂರಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ಮೈಯಲ್ಲಿ ನೀರು ಕಡಿಮೆಯಾಗಿರುವುದನ್ನು ವೈದ್ಯರಿಂದ ತಪಾಸಣೆ ಮಾಡಿಸಿ.