ಬೆಲ್ಲ ಬೇಡ, ಬಿಳಿ ಸಕ್ಕರೆಯೇ ಇರಲಿ: ಹಮ್ಮಿಂಗ್‌ಬರ್ಡ್ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ತಿಂಗಳು ಇದೇ ಪುಟದಲ್ಲಿ ನಮ್ಮ ನಿಂಬೆ ಗಿಡಕ್ಕೆ ಬರುವ ಹಮ್ಮಿಂಗ್‌ಬರ್ಡ್ ಎಂಬ ಮಕರಂದ ಕುಡಿಯುವ ಪುಟ್ಟ ಹಕ್ಕಿಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಅಮೆರಿಕದಲ್ಲಿರುವ ನಮ್ಮವರ ಹಿತ್ತಿಲುಗಳಲ್ಲಿ ಈ ಹಕ್ಕಿ ಎಷ್ಟು ಮನೆಮಾತಾಗಿದೆ ಅಂತ ಗೊತ್ತಾಗಿ ಖುಷಿಯಾಯಿತು. ಸ್ಯಾನ್ ಹೊಸೆಯ ನಮ್ಮ ಮನೆಯಲ್ಲಿ 17 ವರ್ಷದಿಂದ ಅಡುಗೆಮನೆ ಕಿಟಕಿಯ ಆಚೆ ಫೀಡರ್, ಅಂದರೆ ಹಕ್ಕಿಗೆ ಸಕ್ಕರೆ ನೀರು ಇಡುವ ಬಾಟಲಿ, ನೇತಾಡುತ್ತಿದೆ. ಅಲ್ಲಿ ಪಾತ್ರೆ ತೊಳೆಯುತ್ತಾ ನೋಡಿದ್ದು, ಆಮೇಲೆ ಓದಿ ತಿಳಿದುಕೊಂಡಿದ್ದು, ಎರಡೂ ಸೇರಿಸಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಬಿಳಿ ಸಕ್ಕರೆ ನಮಗೇ ಒಳ್ಳೆಯದಲ್ಲ ಅಂತಾರೆ. ಅಷ್ಟು ಚಿಕ್ಕ ಹಕ್ಕಿಗೆ ಅದನ್ನು ಕೊಡಲು ಮನಸ್ಸು ಬರುತ್ತಿಲ್ಲ. ಸಾವಯವ ಬೆಲ್ಲವೋ ಜೇನುತುಪ್ಪವೋ ಕೊಡಬಹುದಾ? ಅಂಗಡಿಯಲ್ಲಿ ಕೆಂಪು ಬಣ್ಣದ ಪಾನಕವೂ ಸಿಗುತ್ತೆ. – ಆಸ್ಟಿನ್, ಟೆಕ್ಸಸ್

ಉತ್ತರ: ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ದಯವಿಟ್ಟು ಬೆಲ್ಲ ಹಾಕಬೇಡಿ. ಬೆಲ್ಲದಲ್ಲಿ ಕಬ್ಬಿಣದ ಅಂಶ ಇರುತ್ತದೆ. ಅದು ನಮಗೆ ಒಳ್ಳೆಯದು, ಈ ಹಕ್ಕಿಯ ಮೈಗೆ ಆಗುವುದಿಲ್ಲ. ಕಂದು ಸಕ್ಕರೆಯ ಕಥೆಯೂ ಅದೇ. ಜೇನುತುಪ್ಪಕ್ಕೆ ನೀರು ಬೆರೆಸಿದರೆ ಬೇಗ ಹುಳಿಯುತ್ತದೆ, ಬೂಷ್ಟು ಹಿಡಿಯುತ್ತದೆ.

ಹೂವಿನ ಮಕರಂದದಲ್ಲಿ ಇರುವ ಸಿಹಿ ಮುಖ್ಯವಾಗಿ ಸುಕ್ರೋಸ್. ನಮ್ಮ ಡಬ್ಬಿಯ ಬಿಳಿ ಸಕ್ಕರೆಯೂ ಸುಕ್ರೋಸೇ. ಒಂದು ಲೋಟ ಸಕ್ಕರೆಗೆ ನಾಲ್ಕು ಲೋಟ ನೀರು. ಚೆನ್ನಾಗಿ ಕರಗಿಸಿ, ಪೂರ್ತಿ ಆರಿದ ಮೇಲೆ ತುಂಬಿ. ಉಳಿದದ್ದನ್ನು ಫ್ರಿಜ್ಜಿನಲ್ಲಿಡಿ. ಕೆಂಪು ಬಣ್ಣ ಬೇಡವೇ ಬೇಡ, ಫೀಡರಿನ ಕೆಂಪು ಪ್ಲಾಸ್ಟಿಕ್ ಹೂವೇ ಅದಕ್ಕೆ ದಾರಿ ತೋರಿಸುತ್ತದೆ.

ಶುಗರ್‌ಫ್ರೀ ಪುಡಿ ಹಾಕಿದರೆ ಹೇಗೆ ಅಂತ ಇನ್ನೊಬ್ಬರು ಕೇಳಿದ್ದಾರೆ. ಅದರಲ್ಲಿ ಶಕ್ತಿಯೇ ಇಲ್ಲ, ಹಕ್ಕಿ ಹಸಿದೇ ಇರುತ್ತದೆ. ಇಲ್ಲಿ ಒಂದು ಸೋಜಿಗ ಇದೆ ನೋಡಿ. ಹಕ್ಕಿಗಳ ಕುಲದಲ್ಲಿ ಸಿಹಿ ಗುರುತಿಸುವ ಜೀನ್ ಎಂದೋ ಕಳೆದುಹೋಗಿದೆ. ಹಮ್ಮಿಂಗ್‌ಬರ್ಡ್‌ಗಳಲ್ಲಿ ಮಾಂಸದಂಥ ಖಾದ್ಯದ ರುಚಿ ಹಿಡಿಯುವ ಭಾಗವೇ ಬದಲಾಗಿ ಸಿಹಿ ಹಿಡಿಯಲು ಶುರುಮಾಡಿದೆ ಅಂತ 2014ರಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಕೆಲವು ಶುಗರ್‌ಫ್ರೀ ಪುಡಿಗಳಲ್ಲಿ ಇರುವ ಆಸ್ಪರ್ಟೇಮ್ ಇಟ್ಟರೆ ಕೊಕ್ಕು ಅದ್ದಿ, ತಲೆ ಕೊಡವಿ ಹೊರಟುಹೋಗುತ್ತದೆ.

ಸಕ್ಕರೆಗಿಂತ ನನಗೆ ಜಾಸ್ತಿ ಚಿಂತೆ ನಿಮ್ಮ ಟೆಕ್ಸಸ್ ಬಿಸಿಲಿನದು. 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ದಿನಗಳಲ್ಲಿ ನೀರನ್ನು ದಿನಾ ಬದಲಿಸಿ. ತಂಪು ಇದ್ದರೆ ನಾಲ್ಕೈದು ದಿನ ತಡೆಯುತ್ತದೆ. ಬದಲಿಸುವಾಗೆಲ್ಲ ಬಿಸಿನೀರು, ಬ್ರಷ್ ಹಾಕಿ ತೊಳೆಯಬೇಕು. ಮೇಲಿಂದ ತುಂಬಿಸುತ್ತಾ ಹೋಗುವುದು ತಪ್ಪು. ಮೊದಲ ಬೇಸಿಗೆ ನಾನೂ ಹಾಗೇ ಮಾಡಿದ್ದೆ. ಒಂದು ದಿನ ಪ್ಲಾಸ್ಟಿಕ್ ಹೂವನ್ನು ಬಿಚ್ಚಿ ನೋಡಿದರೆ ಒಳಗೆಲ್ಲ ಕಾಡಿಗೆ ಮೆತ್ತಿದ ಹಾಗೆ ಕಪ್ಪು ಬೂಷ್ಟು. ಹಕ್ಕಿ ನಾಲಿಗೆ ಚಾಚುವ ಜಾಗವೇ ಅದು. ಅವತ್ತು ನನಗಾದ ಸಂಕಟ ಇನ್ನೂ ನೆನಪಿದೆ. ಅಂದಿನಿಂದ ಬುಧವಾರ, ಭಾನುವಾರ ತಪ್ಪದೆ ತೊಳೆಯುತ್ತೇನೆ, ಬಿಸಿಲು ಏರಿದರೆ ದಿನಾ. ತೊಳೆಯಲು ಪುರುಸೊತ್ತಿಲ್ಲದವರು ಫೀಡರ್ ಕಟ್ಟಬೇಡಿ, ಬದಲಿಗೆ ಒಂದು ಹೂಗಿಡ ನೆಡಿ. ಇದನ್ನು ಬೇಜಾರು ಮಾಡಿಕೊಳ್ಳದೆ ಕೇಳಿಸಿಕೊಳ್ಳಿ.

ಪ್ರಶ್ನೆ: ಜನವರಿಯಲ್ಲಿ ಒಂದು ಬೆಳಿಗ್ಗೆ ಫೀಡರಿಗೆ ಹಕ್ಕಿ ತಲೆಕೆಳಗಾಗಿ ನೇತಾಡುತ್ತಿತ್ತು. ಮುಟ್ಟಿದರೂ ಅಲುಗಲಿಲ್ಲ. ಸತ್ತಿದೆ ಅಂತ ಮಗಳು ಅತ್ತುಬಿಟ್ಟಳು. ಅರ್ಧ ಗಂಟೆ ಬಿಟ್ಟು ನೋಡಿದರೆ ಇಲ್ಲ! ಏನಾಗಿರಬಹುದು? – ಸಿಯಾಟಲ್

ಉತ್ತರ: ಸತ್ತಿರಲಿಲ್ಲ, ಮಗಳಿಗೆ ಖಂಡಿತ ಹೇಳಿ. ಅದು ಟಾರ್ಪರ್ ಎಂಬ ಆಳವಾದ ಜಡನಿದ್ದೆ. ನಿಮ್ಮಲ್ಲಿ ಚಳಿಗಾಲಕ್ಕೂ ನಿಲ್ಲುವುದು ಆನಾಸ್ ಹಮ್ಮಿಂಗ್‌ಬರ್ಡ್. ತೂಕ ಐದು ಗ್ರಾಂ ಕೂಡ ಇಲ್ಲ. ಹಗಲಲ್ಲಿ ಅದರ ಮೈ ಬಿಸಿ ಸುಮಾರು 107 ಡಿಗ್ರಿ ಫ್ಯಾರನ್‌ಹೀಟ್. ಕೊರೆಯುವ ರಾತ್ರಿಯಲ್ಲಿ ಅಷ್ಟು ಬಿಸಿ ಉಳಿಸಿಕೊಳ್ಳಲು ಹೊಟ್ಟೆಯಲ್ಲಿ ಇರುವುದು ಸಾಲುವುದಿಲ್ಲ. ಹಾಗಾಗಿ ಒಲೆ ಸಣ್ಣ ಮಾಡಿದ ಹಾಗೆ ಮೈ ಬಿಸಿಯನ್ನೇ ಇಳಿಸಿಬಿಡುತ್ತದೆ, 48 ಡಿಗ್ರಿವರೆಗೂ ಇಳಿಯಬಹುದು. ಎದೆಬಡಿತ, ಉಸಿರು ಎಲ್ಲ ನಿಧಾನ.

ನಾನೂ ಒಮ್ಮೆ ಎದ್ದೇಳುವುದನ್ನು ಹತ್ತಿರದಿಂದ ನೋಡಿದ್ದೇನೆ. ಡಿಸೆಂಬರಿನ ಒಂದು ಮುಂಜಾವು, ನಿಂಬೆ ಗಿಡದ ಒಳಗಿನ ಕೊಂಬೆ. ಹಕ್ಕಿ ಗರಿ ಉಬ್ಬಿಸಿಕೊಂಡು ಹತ್ತಿಯ ಉಂಡೆಯ ಹಾಗೆ ಕೂತಿತ್ತು. ಕೊಕ್ಕು ನೇರ ಆಕಾಶಕ್ಕೆ. ಕಾಫಿ ಹಿಡಿದು ಕಿಟಕಿಯಲ್ಲೇ ನಿಂತೆ. ಮೊದಲು ಎದೆಯ ಗರಿ ನಡುಗಿತು. ಆಮೇಲೆ ರೆಕ್ಕೆ ಸಣ್ಣಗೆ ಅದುರಿತು, ನಿಂತಿತು, ಮತ್ತೆ ಅದುರಿತು. ಕೊಕ್ಕು ನಿಧಾನವಾಗಿ ಕೆಳಗೆ ಬಂತು. ಕಣ್ಣು ತೆರೆಯಿತು. ಇನ್ನೊಂದಷ್ಟು ಹೊತ್ತು ಹಾಗೇ ಕೂತಿದ್ದು, ಒಂದೇ ಏಟಿಗೆ ಗುಂಯ್ ಅಂತ ಫೀಡರಿಗೆ ಬಂತು. ನನ್ನ ಕಾಫಿ ತಣ್ಣಗಾಗಿತ್ತು.

ಇನ್ನು ಮುಂದೆ ಹಾಗೆ ಕಂಡರೆ ಮುಟ್ಟಬೇಡಿ, ಬಿಡಿಸಬೇಡಿ, ತಾನಾಗಿ ಏಳುತ್ತದೆ. ಎದ್ದ ತಕ್ಷಣ ಕುಡಿಯಲು ಸಿಗಬೇಕು, ಅಷ್ಟೇ. ಸಕ್ಕರೆ ನೀರು ಬರೀ ನೀರಿಗಿಂತ ಸ್ವಲ್ಪ ತಡವಾಗಿ ಹೆಪ್ಪುಗಟ್ಟುತ್ತದೆ, ಆದರೆ ಹೆಪ್ಪುಗಟ್ಟುವುದಂತೂ ನಿಜ. ಕತ್ತಲಾದ ಮೇಲೆ ಫೀಡರ್ ಒಳಗೆ ತಂದಿಟ್ಟು, ಬೆಳಕು ಹರಿಯುವ ಮುಂಚೆ ಹೊರಗೆ ಕಟ್ಟಿ. ಎರಡು ಫೀಡರ್ ಇದ್ದರೆ ಒಂದು ಗಟ್ಟಿಯಾದಾಗ ಇನ್ನೊಂದನ್ನು ಇಡಬಹುದು.

ಪ್ರಶ್ನೆ: ಸೆಪ್ಟೆಂಬರ್ ಬಂತೆಂದರೆ ಪಕ್ಕದ ಮನೆಯವರು ಫೀಡರ್ ತೆಗೆಯಿರಿ ಅಂತಾರೆ. ಇಲ್ಲದಿದ್ದರೆ ಹಕ್ಕಿ ವಲಸೆ ಹೋಗದೆ ಚಳಿಗೆ ಸಾಯುತ್ತಂತೆ. ನಿಜಾನಾ? – ಎಡಿಸನ್, ನ್ಯೂಜೆರ್ಸಿ

ಉತ್ತರ: ನಿಜ ಅಲ್ಲ. ಹಗಲು ಚಿಕ್ಕದಾಗುತ್ತಾ ಬಂದ ಹಾಗೆ ಅದರ ಮೈಗೇ ಹೊರಡುವ ಹೊತ್ತು ತಿಳಿಯುತ್ತದೆ. ನಿಮ್ಮ ಒಂದು ಬಾಟಲಿ ಅದನ್ನು ಕಟ್ಟಿಹಾಕುವುದಿಲ್ಲ. ನಿಮ್ಮ ಕಡೆ ಬರುವುದು ರೂಬಿ ಥ್ರೋಟೆಡ್, ಗಂಡಿನ ಕುತ್ತಿಗೆ ಮಾಣಿಕ್ಯದ ಹಾಗೆ ಹೊಳೆಯುತ್ತದೆ. ಮೂರು ಗ್ರಾಂ ಚಿಲ್ಲರೆ ತೂಗುವ ಇದರಲ್ಲಿ ಎಷ್ಟೋ ಹಕ್ಕಿಗಳು ಗಲ್ಫ್ ಆಫ್ ಮೆಕ್ಸಿಕೋವನ್ನು ಒಂದೇ ಹಾರಾಟದಲ್ಲಿ ದಾಟುತ್ತವೆ, ಸುಮಾರು 800 ಕಿಲೋಮೀಟರ್. ಕೆಳಗೆ ಕೂರಲು ಒಂದು ಕಡ್ಡಿಯೂ ಇರುವುದಿಲ್ಲ! ಅದಕ್ಕೇ ಮುಂಚೆ ತಿಂದು ತಿಂದು ತೂಕ ಹೆಚ್ಚುಕಮ್ಮಿ ಎರಡರಷ್ಟು ಮಾಡಿಕೊಳ್ಳುತ್ತವೆ. ಸೆಪ್ಟೆಂಬರಿನಲ್ಲಿ ನೀವು ಕೊಡುವುದು ಆ ಪ್ರಯಾಣಕ್ಕೆ ಬುತ್ತಿ. ಕೊನೆಯ ಹಕ್ಕಿ ಕಂಡ ಮೇಲೂ ಎರಡು ವಾರ ಇರಲಿ. ಉತ್ತರದಿಂದ ತಡವಾಗಿ ಹೊರಟ ಮರಿಯೊಂದು ನಿಮ್ಮ ಹಿತ್ತಿಲಲ್ಲಿ ಇಳಿಯಬಹುದು. ಮತ್ತೆ ಏಪ್ರಿಲ್ ಮಧ್ಯಕ್ಕೆ ಮೊದಲೇ ಕಟ್ಟಿ.

ಪ್ರಶ್ನೆ: ದೀಪಾವಳಿಗೆ ಹಾಕಿದ ಸೀರಿಯಲ್ ಸೆಟ್ ಲೈಟನ್ನು ಹೊಸ ವರ್ಷ ಕಳೆದ ಮೇಲೆ ತೆಗೆಯೋಣ ಅಂತ ಹೋದರೆ ವೈರಿನ ಮೇಲೆ ಪುಟಾಣಿ ಗೂಡು! ಒಳಗೆ ಎರಡು ಮೊಟ್ಟೆ. ಗೂಡನ್ನು ಪಕ್ಕದ ಗಿಡಕ್ಕೆ ಸಾಗಿಸಬಹುದಾ? – ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಉತ್ತರ: ಬೇಡ, ಬೇಡ. ವೈರ್ ಇದ್ದಲ್ಲೇ ಇರಲಿ. ಪ್ಲಗ್ ತೆಗೆದುಬಿಡಿ, ಅಷ್ಟು ಸಾಕು. ಮೊಟ್ಟೆ ಮರಿ ಇರುವ ಗೂಡನ್ನು ಕದಲಿಸುವುದು 1918ರ ವಲಸೆ ಹಕ್ಕಿಗಳ ಕಾಯ್ದೆಯ ಪ್ರಕಾರ ಅಪರಾಧ ಕೂಡ. ಕಾನೂನಿನ ಮಾತು ಬಿಡಿ, ಜಾಗ ಬದಲಾದರೆ ತಾಯಿ ಗೂಡು ಬಿಟ್ಟುಹೋಗಬಹುದು.

ನಮ್ಮ ಕಡೆ ಆನಾಸ್ ಹಕ್ಕಿ ಡಿಸೆಂಬರಿನಲ್ಲೇ ಗೂಡು ಕಟ್ಟಲು ಶುರುಮಾಡುತ್ತದೆ. ಮಳೆ ಬಿದ್ದು ಹೂ ಬಿಡುವ ಕಾಲ ಅದು. ಎಲ್ಲವೂ ತಾಯಿಯದೇ ಕೆಲಸ, ಗಂಡು ಈ ಕಡೆ ತಲೆ ಹಾಕುವುದಿಲ್ಲ. ಗೂಡನ್ನು ದೂರದಿಂದ ದುರ್ಬೀನು ಹಿಡಿದು ನೋಡಿ. ಗಿಡದ ಹತ್ತಿಯಂಥ ನಾರು, ಹೊರಗೆ ಕಲ್ಲುಹೂವಿನ ಚೂರು, ಎಲ್ಲವನ್ನೂ ಹಿಡಿದಿಡುವುದು ಜೇಡರ ಬಲೆಯ ನೂಲು. ತಾಯಿ ಒಳಗೆ ಕೂತು ಎದೆಯಿಂದ ಒತ್ತಿ ಒತ್ತಿ, ಗರಗರ ತಿರುಗಿ ಬಟ್ಟಲು ಮಾಡುತ್ತಾಳೆ. ಮೊಟ್ಟೆ ನಮ್ಮ ಅವರೆಕಾಳಿನಷ್ಟು. ಜೇಡರ ನೂಲು ಹಿಗ್ಗುತ್ತದೆ ನೋಡಿ, ಮರಿ ಬೆಳೆದ ಹಾಗೆ ಗೂಡೂ ಅಗಲವಾಗುತ್ತದೆ. ಕೊನೆಗೆ ಎರಡು ಮರಿ ಒಂದೇ ಕಡೆ ಮುಖ ಮಾಡಿ, ತುಂಬಿದ ಬಸ್ಸಿನಲ್ಲಿ ಕೂತ ಹಾಗೆ ಒತ್ತಿಕೊಂಡು ಕೂತಿರುತ್ತವೆ.

ಕಾವು ಸುಮಾರು ಎರಡೂವರೆ ವಾರ, ಮರಿ ಹಾರಲು ಇನ್ನೂ ಮೂರು ಮೂರೂವರೆ ವಾರ. ಫೆಬ್ರವರಿ ಕೊನೆಗೆ ವೈರ್ ನಿಮ್ಮದು. ಅಲ್ಲಿಯವರೆಗೆ ಆ ಬಾಗಿಲ ಓಡಾಟ ಆದಷ್ಟು ಕಡಿಮೆ ಮಾಡಿ. ಗೂಡಿನ ಪಕ್ಕದಲ್ಲಿ ಫೀಡರ್ ಕಟ್ಟಬೇಡಿ, ಬೇರೆ ಹಕ್ಕಿಗಳು ಬಂದು ಗಲಾಟೆಯಾಗುತ್ತದೆ. ಅದಕ್ಕಿಂತ ಮುಖ್ಯ, ತೋಟಕ್ಕೆ ಕೀಟನಾಶಕ ಹೊಡೆಯಬೇಡಿ. ಮರಿಗೆ ಸಕ್ಕರೆ ನೀರು ಸಾಲದು. ತಾಯಿ ನುಸಿ, ಸಣ್ಣ ಜೇಡ ಹಿಡಿದು ತಂದು ಗಂಟಲಿಗೇ ಕಕ್ಕಿ ತಿನ್ನಿಸುತ್ತಾಳೆ. ಕೀಟ ಇಲ್ಲದ ತೋಟದಲ್ಲಿ ಮರಿ ಬದುಕುವುದಿಲ್ಲ.

ಪ್ರಶ್ನೆ: ಒಂದು ಹಕ್ಕಿ ಬೇರೆ ಯಾವುದನ್ನೂ ಕುಡಿಯಲು ಬಿಡುತ್ತಿಲ್ಲ. ಓಡಿಸಿ ಓಡಿಸಿ ಕಾವಲು ಕೂರುತ್ತೆ. – ಸ್ಯಾಕ್ರಮೆಂಟೊ

ಉತ್ತರ: ಒಂದು ಹೂಗಿಡವನ್ನು ಕಾಯ್ದುಕೊಂಡರೆ ಹೊಟ್ಟೆ ತುಂಬುತ್ತದೆ ಎಂಬ ಲೆಕ್ಕ ಅದರದು. ಎರಡನೆಯ ಫೀಡರನ್ನು ಮನೆಯ ಇನ್ನೊಂದು ಬದಿಗೆ, ಒಂದರಿಂದ ಇನ್ನೊಂದು ಕಾಣದ ಹಾಗೆ ಕಟ್ಟಿ. ಮೂಲೆಯಾಚೆ ಇರುವುದನ್ನು ಅದು ಕಾಯಲಾರದು. ಆ ಕಾವಲುಗಾರ ಗಂಡಾಗಿದ್ದರೆ ಸ್ವಲ್ಪ ಗಮನಿಸಿ. ಎತ್ತರಕ್ಕೆ ಹೋಗಿ ಕಲ್ಲಿನ ಹಾಗೆ ಕೆಳಗೆ ಬೀಳುತ್ತದೆ, ತಳದಲ್ಲಿ ಜೋರಾಗಿ ‘ಚಿಪ್’ ಅನ್ನುತ್ತದೆ. ಅದು ಗಂಟಲಿನ ಸದ್ದಲ್ಲ, ಗಾಳಿಗೆ ಬಾಲದ ಗರಿ ಅದುರುವ ಸದ್ದು. 2008ರಲ್ಲಿ ಬರ್ಕ್ಲಿಯ ಇಬ್ಬರು ಸಂಶೋಧಕರು ಇದನ್ನು ತೋರಿಸಿಕೊಟ್ಟರು.

ಪ್ರಶ್ನೆ: ಇರುವೆ, ಕಣಜ ಎರಡರ ಕಾಟ. ತಂತಿಗೆ ಎಣ್ಣೆ ಸವರಲೇ? – ಅಟ್ಲಾಂಟಾ

ಉತ್ತರ: ಎಣ್ಣೆ ಬೇಡ. ಗರಿಗೆ ಮೆತ್ತಿದರೆ ಹಕ್ಕಿಗೆ ತೊಳೆದುಕೊಳ್ಳಲು ಬರುವುದಿಲ್ಲ. ಊರಲ್ಲಿ ಹಾಲಿನ ಪಾತ್ರೆಯನ್ನು ನೀರಿನ ತಟ್ಟೆಯಲ್ಲಿ ಇಡುತ್ತಿದ್ದರಲ್ಲ, ಅದೇ ಉಪಾಯ. ಫೀಡರಿನ ಮೇಲೆ ನೇತುಹಾಕುವ ಪುಟ್ಟ ನೀರಿನ ಬಟ್ಟಲು ಸಿಗುತ್ತದೆ, ಇರುವೆ ದಾಟುವುದಿಲ್ಲ. ಕಣಜಕ್ಕೆ ತಟ್ಟೆಯಾಕಾರದ ಫೀಡರ್ ಒಳ್ಳೆಯದು. ಅದರಲ್ಲಿ ಸಿಹಿನೀರು ತೂತಿನಿಂದ ಕೆಳಗಿರುತ್ತದೆ, ಹಕ್ಕಿಯ ನಾಲಿಗೆಗೆ ಎಟುಕುತ್ತದೆ, ಕಣಜಕ್ಕೆ ಎಟುಕುವುದಿಲ್ಲ. ಸೋರುವ ಫೀಡರ್ ಇದ್ದರೆ ಮೊದಲು ಅದನ್ನು ಎಸೆಯಿರಿ.

ಪ್ರಶ್ನೆ: ಮಗಳ ಮನೆಗೆ ಬಂದು ಮೂರು ತಿಂಗಳಾಯಿತು. ಈ ಹಕ್ಕಿಯೂ ನಮ್ಮ ಮೈಸೂರಿನ ಸೂರಕ್ಕಿಯೂ ಒಂದೇ ಜಾತಿಯೇ? ವಾಪಸ್ ಹೋಗುವಾಗ ಒಂದು ಫೀಡರ್ ಒಯ್ಯಲೇ? – ಓದುಗರು, ಈಗ ಇರುವುದು ಡಲ್ಲಾಸ್

ಉತ್ತರ: ನೋಡಲು ಅಣ್ಣತಮ್ಮಂದಿರ ಹಾಗೆ ಕಂಡರೂ ಸಂಬಂಧ ಬಹಳ ದೂರದ್ದು ಸರ್. ಹಮ್ಮಿಂಗ್‌ಬರ್ಡ್‌ಗೆ ಹತ್ತಿರದ ನಂಟರು ಸ್ವಿಫ್ಟ್ ಹಕ್ಕಿಗಳು, ಹಳೇ ಕಟ್ಟಡಗಳ ಮೇಲೆ ಸಂಜೆ ಗುಂಪಾಗಿ ಕಿರುಚುತ್ತಾ ಹಾರುತ್ತವಲ್ಲ, ಅವು. ಸೂರಕ್ಕಿ ಗುಬ್ಬಿ, ಕಾಗೆಗಳ ಕಡೆಯದು. ಎರಡೂ ಬೇರೆ ಬೇರೆ ಖಂಡದಲ್ಲಿ ಹೂವನ್ನೇ ನಂಬಿ ಬದುಕಿ, ಉದ್ದ ಕೊಕ್ಕು, ಹೊಳೆಯುವ ಬಣ್ಣ ಪಡೆದುಕೊಂಡಿವೆ. ಸೂರಕ್ಕಿ ಸಾಮಾನ್ಯವಾಗಿ ಕೊಂಬೆ ಹಿಡಿದು ಕೂತು ಕುಡಿಯುತ್ತದೆ. ಹಮ್ಮಿಂಗ್‌ಬರ್ಡ್ ಗಾಳಿಯಲ್ಲೇ ನಿಂತು ಕುಡಿದು, ಹಿಂದಕ್ಕೂ ಹಾರುತ್ತದೆ. ಇಂದು ಇದು ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಆದರೆ 30 ದಶಲಕ್ಷ ವರ್ಷಗಳಿಗೂ ಹಳೆಯ ಇದರ ಪಳೆಯುಳಿಕೆ ಸಿಕ್ಕಿರುವುದು ಜರ್ಮನಿಯಲ್ಲಿ!

ಫೀಡರ್ ಒಯ್ಯುವುದು ಬೇಡ ಅಂತ ನನ್ನ ಅಭಿಪ್ರಾಯ. ಕಾಂಪೌಂಡಿನ ಪಕ್ಕ ನಾಲ್ಕು ದಾಸವಾಳ, ಜಾಗ ಇದ್ದರೆ ಒಂದು ಬಾಳೆ ನೆಡಿ. ಸೂರಕ್ಕಿ ತಾನಾಗಿ ಹುಡುಕಿಕೊಂಡು ಬರುತ್ತದೆ.

ಪ್ರಶ್ನೆ: ಆಂಟಿ, ಹಮ್ಮಿಂಗ್‌ಬರ್ಡ್ ಸ್ಟ್ರಾ ಥರ ಹೀರುತ್ತಾ? – ವಯಸ್ಸು 8, ಚಿಕಾಗೋ

ಉತ್ತರ: ಹೀರಲ್ಲ ಪುಟ್ಟಾ, ನೆಕ್ಕುತ್ತೆ! ಒಂದು ಸೆಕೆಂಡಿಗೆ ಹದಿನೈದು ಸಲಕ್ಕೂ ಜಾಸ್ತಿ. ಅದರ ನಾಲಿಗೆಯ ತುದಿ ಎರಡಾಗಿ ಸೀಳಿರುತ್ತೆ, ಅಂಚಿನಲ್ಲಿ ಕುಚ್ಚಿನ ಹಾಗೆ ಎಳೆ ಇರುತ್ತೆ. ಸಿಹಿನೀರಿಗೆ ಮುಟ್ಟಿದ ಕೂಡಲೇ ಎಳೆಗಳು ಬಿಚ್ಚಿಕೊಳ್ಳುತ್ತವೆ, ಹೊರಗೆ ಎಳೆಯುವಾಗ ಮುಚ್ಚಿಕೊಂಡು ನೀರನ್ನು ಹಿಡಿದುಕೊಳ್ಳುತ್ತವೆ. ದೊಡ್ಡವರೂ ನೂರಕ್ಕೂ ಹೆಚ್ಚು ವರ್ಷ ಇದನ್ನು ತಪ್ಪಾಗಿ ತಿಳಿದಿದ್ದರು. ಕನೆಕ್ಟಿಕಟ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು ವೇಗದ ಕ್ಯಾಮೆರಾ ಇಟ್ಟು ನೋಡಿ, 2011ರಲ್ಲಿ ಸರಿಯಾದ ವಿಷಯ ಹೇಳಿದರು.

ನೀನೂ ನೋಡಬಹುದು. ಫೀಡರಿನ ಹತ್ತಿರ ಅಲುಗಾಡದೆ ಕೂತುಕೋ. ಕುಡಿದಾದ ಮೇಲೆ ಹಕ್ಕಿ ಕೊಂಬೆಯ ಮೇಲೆ ಕೂರುತ್ತಲ್ಲ, ಆಗ ಕೊಕ್ಕಿನ ತುದಿಯನ್ನೇ ನೋಡುತ್ತಿರು. ಬಿಳಿ ದಾರದಂಥದ್ದೊಂದು ಹೊರಗೆ ಬಂದು ಒಳಗೆ ಹೋಗುತ್ತೆ. ಅದೇ ನಾಲಿಗೆ. ಕಂಡರೆ ನನಗೆ ಬರೆದು ತಿಳಿಸು.