‘ನಾವು ನಾರ್ಮಲ್ ಮಂದಿ’ ಅಂದರೆ ಯಾರು?

ಈ ವಾರ ಧಾರವಾಡದ ಒಂದು ಹಾಸ್ಟೆಲ್‌ನಿಂದ ಬಂದ ಪತ್ರ ಓದಿ ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ಉಳಿದ ಪತ್ರಗಳನ್ನು ಬದಿಗಿಟ್ಟು ಇದೊಂದಕ್ಕೇ ಉತ್ತರ ಬರೆಯುತ್ತಿದ್ದೇನೆ.

ಬರೆದವಳು ಹುಬ್ಬಳ್ಳಿ ಹುಡುಗಿ, ಬಿ.ಎ. ಎರಡನೇ ವರ್ಷ. ಅಪ್ಪನದು ದುರ್ಗದ ಬೈಲಿನ ಹತ್ತಿರ ಬಟ್ಟೆ ಅಂಗಡಿ. ಕಾಲೇಜಿನಲ್ಲಿ ಸಾಂಸ್ಕೃತಿಕ ವೈವಿಧ್ಯ ಮತ್ತು ಸ್ವಂತ ಅರಿವಿನ ಬಗ್ಗೆ ವಾರಕ್ಕೊಂದು ಸೆಮಿನಾರ್ ನಡೆಯುತ್ತಿದೆ. ಸರ್ ಚೀಟಿ ಎತ್ತಿಸಿದರು. ಲಂಬಾಣಿ, ಸಿದ್ದಿ, ಹಾಲಕ್ಕಿ, ಮುಂಡಗೋಡದ ಟಿಬೆಟನ್ನರು, ಹೀಗೆ ಒಂದೊಂದು ಚೀಟಿಯಲ್ಲಿ ಒಂದೊಂದು ಸಮುದಾಯದ ಹೆಸರು. ಇವಳ ಕೈಗೆ ಬಂದದ್ದು ಲಂಬಾಣಿ. ರೂಮ್‌ಮೇಟ್ ಗದಗ ಕಡೆಯ ಲಂಬಾಣಿ ತಾಂಡಾದವಳು. ಅವಳ ಅಜ್ಜಿಯ ಕನ್ನಡಿ ಹಚ್ಚಿದ ಲಂಗ, ರವಿಕೆ ತರಿಸಿ, ತಾನು ಉಟ್ಟು, ಪಿಪಿಟಿ ತೋರಿಸಿದಳು. ಜೋರು ಚಪ್ಪಾಳೆ. ರೂಮ್‌ಮೇಟ್ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಅವತ್ತಿನಿಂದ ಮಾತು ಬಿಟ್ಟಿದ್ದಾಳೆ. ‘ನಾನು ಅವರನ್ನು ಹೊಗಳೇನಿ ಅಕ್ಕಾ, ಬೈದಿಲ್ಲ. ಆಕಿಗೆ ಯಾಕ ಸಿಟ್ಟು?’ ಇದು ಪ್ರಶ್ನೆ.

ತಂಗಿ, ನಿನ್ನ ಪತ್ರದ ಮೂರನೇ ಪುಟದಲ್ಲಿ ಒಂದು ಸಾಲು ಸುಮ್ನೆ ಬಂದು ಹೋಗಿದೆ. ಕೊನೆಗೆ ಸರ್ ‘ನಿಮ್ಮ ಮನೆಯ ಸಂಸ್ಕೃತಿ ಬಗ್ಗೆಯೂ ಎರಡು ಮಾತು ಹೇಳಮ್ಮ’ ಎಂದರಂತೆ. ನೀನು ‘ನಮ್ಮದೇನು ವಿಶೇಷ ಇಲ್ಲ ಸರ್, ನಾವು ನಾರ್ಮಲ್ ಮಂದಿ’ ಎಂದೆಯಂತೆ. ಎಲ್ಲರೂ ನಕ್ಕರಂತೆ. ನಿನ್ನ ಗೆಳತಿ ಮಾತು ಬಿಟ್ಟದ್ದು ಅಲ್ಲಿ. ಅಲ್ಲಿಯವರೆಗೆ ಅವಳು ಸಹಿಸಿಕೊಂಡಿದ್ದಾಳೆ. ಅಜ್ಜಿಯ ಬಟ್ಟೆಯನ್ನು ಅವಳೇ ಊರಿಂದ ತಂದುಕೊಟ್ಟಿದ್ದಾಳೆ, ಅಲ್ವಾ? ನೀನು ನಾರ್ಮಲ್ ಆದರೆ ಅವಳು ಏನು?

ಇನ್ನೊಂದು ನೋಡು. ಗೆಳತಿಯ ಜಾತಿಯನ್ನು ಮೊದಲ ಸಾಲಿನಲ್ಲೇ ಬರೆದಿದ್ದೀಯ. ನಿನ್ನದು ಮೂರು ಪುಟದಲ್ಲಿ ಎಲ್ಲೂ ಇಲ್ಲ. ಬಚ್ಚಿಟ್ಟಿದ್ದೀಯ ಎಂದು ನಾನು ಹೇಳುತ್ತಿಲ್ಲ. ಬರೆಯಬೇಕು ಎಂದು ನಿನಗೆ ಹೊಳೆದೇ ಇಲ್ಲ. ಸ್ವಂತ ಅರಿವು ಶುರುವಾಗಬೇಕಾದದ್ದು ಇಲ್ಲಿಂದ.

ನಿನಗೆ ಹತ್ತೊಂಬತ್ತು ವರ್ಷ, ನಿನ್ನನ್ನು ಜಾಸ್ತಿ ಬೈಯುವುದಿಲ್ಲ. ನನ್ನ ಸಿಟ್ಟು ಆ ಸರ್ ಮೇಲೆ. ಅವರ ಡಬ್ಬಿಯಲ್ಲಿ ಲಿಂಗಾಯತ ಎಂಬ ಚೀಟಿ ಇತ್ತೇ? ಬ್ರಾಹ್ಮಣ ಎಂಬ ಚೀಟಿ? ಹುಬ್ಬಳ್ಳಿಯ ವ್ಯಾಪಾರಿ ಮನೆತನ ಎಂಬ ಚೀಟಿ? ನೋಡುವವರು ಯಾರು, ನೋಡಿಸಿಕೊಳ್ಳುವವರು ಯಾರು ಎಂದು ಚೀಟಿ ಬರೆಯುವಾಗಲೇ ತೀರ್ಮಾನ ಮಾಡಿಬಿಟ್ಟರು. ತಾಂಡಾದ ಹುಡುಗಿ ಎದುರಿಗೇ ಕೂತಿದ್ದಾಗ ಅವಳ ಬಗ್ಗೆ ಬೇರೆಯವರು ಮಾತಾಡುವುದನ್ನು ಕೇಳಿ ಅಂಕ ಹಾಕಿದರು. ಪಾಠ ಹೇಳುವವರಿಗೆ ಇಷ್ಟು ಕಾಣಬಾರದೇ?

ನಿನ್ನ ಪಿಪಿಟಿಯಲ್ಲಿ ಕನ್ನಡಿ ಕುಸುರಿ ಇತ್ತು, ಕುಣಿತ ಇತ್ತು, ಹೋಳಿ ಹಾಡು ಇತ್ತು. ಹಿಂದಿನ ರಾತ್ರಿ ಗೆಳತಿ ‘ನಮ್ಮವ್ವ ಈಗ ಇದನ್ನ ಉಡೂದಿಲ್ಲ, ಗೋವಾಕ್ಕ ದುಡಿಯಾಕ ಹೋಗ್ಯಾಳ, ಅದನ್ನೂ ಹೇಳು’ ಎಂದಿದ್ದಳಂತೆ. ಟೈಮ್ ಇರಲಿಲ್ಲ ಎಂದು ಬಿಟ್ಟೆಯಂತೆ. ಅದೇ ಅಲ್ಲವೇ ಹೇಳಬೇಕಾಗಿದ್ದದ್ದು! ಎತ್ತುಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ದೇಶ ತಿರುಗಿದ ಜನ ಅವರು. ರಸ್ತೆ, ರೈಲು ಬಂದ ಮೇಲೆ ಆ ಕಸುಬು ಹೋಯಿತು. ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟು ಕಾಯ್ದೆ ಎಷ್ಟೋ ಅಲೆಮಾರಿ ಸಮುದಾಯಗಳಿಗೆ ಕಳ್ಳರೆಂಬ ಹಣೆಪಟ್ಟಿ ಕಟ್ಟಿತು. ಇವತ್ತಿಗೂ ಗದಗ ಕಡೆಯ ಎಷ್ಟೋ ತಾಂಡಾಗಳಿಂದ ಸುಗ್ಗಿ ಮುಗಿದ ಮೇಲೆ ಮಂದಿ ಗೋವಾಕ್ಕೆ, ಮಂಗಳೂರಿಗೆ ಗುಳೆ ಹೋಗುತ್ತಾರೆ. ಅಜ್ಜಿಯ ಲಂಗ ಪೆಟ್ಟಿಗೆ ಸೇರಿದ್ದಕ್ಕೂ ಅವ್ವ ಊರು ಬಿಟ್ಟದ್ದಕ್ಕೂ ಸಂಬಂಧ ಇದೆ.

ಹೊಗಳಿದೆ ಎನ್ನುತ್ತೀಯ. ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಹುಟ್ಟಿದ್ದು ನೀನು ಓದುತ್ತಿರುವ ಧಾರವಾಡದಲ್ಲೇ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿ ಎದುರು ಹಾಡಿದಾಗ ಅವರಿನ್ನೂ ಚಿಕ್ಕ ಹುಡುಗಿ. ಹಾಡಿದ ಮೇಲೆ ಜಾತಿಯ ಕಾರಣಕ್ಕೆ ಊಟದ ಎಂಜಲು ತೆಗೆಯಲು ಹೇಳುತ್ತಾರೇನೋ ಎಂದು ಹೆದರಿದ್ದನ್ನು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಚಪ್ಪಾಳೆ ಹೊಡೆಯುವ ಮಂದಿ ಪಂಕ್ತಿಯಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳುತ್ತಾರೆ ಎಂಬ ನಂಬಿಕೆ ಆ ಮಗುವಿಗೆ ಇರಲಿಲ್ಲ.

ಈ ಅಂಕಣ ಓದುವವರಿಗೆ ಗೊತ್ತು, ಯಾವ ಜಗಳ ಬಂದರೂ ನಾನು ಮೊದಲು ಅಡುಗೆಮನೆ ನೋಡುತ್ತೇನೆ. ನಿಮ್ಮ ಮನೆಯಲ್ಲಿ ಕೆಲಸದಾಕೆಗೆ ಚಹಾದ ಕಪ್ಪು ಬೇರೆ ಇದೆಯೇ? ದೇವರಮನೆ ಹೊಸ್ತಿಲು ಯಾರು ದಾಟಬಹುದು? ಬಾಡಿಗೆಗೆ ಬಂದವರನ್ನು ನಿಮ್ಮಪ್ಪ ‘ನೀವು ಯಾ ಪೈಕಿ?’ ಎಂದು ಕೇಳುತ್ತಾರೆಯೇ? ಗೆಳತಿಯನ್ನು ಒಮ್ಮೆ ಗಣೇಶ ಹಬ್ಬಕ್ಕೆ ಮನೆಗೆ ಕರೆದುಕೊಂಡು ಹೋಗಿದ್ದೆ ಎಂದು ಬರೆದಿದ್ದೀಯ. ಎಲ್ಲಿ ಕೂತು ಉಂಡಳು? ನಿನಗೆ ನೆನಪಿಲ್ಲದಿದ್ದರೂ ಅವಳಿಗೆ ನೆನಪಿರುತ್ತದೆ. ಮನೆಯಲ್ಲಿ ಲಂಬಾಣಿ ಮಾತಾಡಿ ಬೆಳೆದವಳು ಅವಳು. ಶಾಲೆಗೆ ಬಂದು ನಿನ್ನ ಕನ್ನಡ ಕಲಿತಳು. ನಿನ್ನ ಹಬ್ಬ ಕಲಿತಳು. ಎಲ್ಲಿ ಹೆಸರಷ್ಟೇ ಹೇಳಿ ಸುಮ್ಮನಾಗಬೇಕು ಎಂಬುದನ್ನೂ ಕಲಿತಳು. ಈ ಸೆಮಿನಾರ್ ಅವಳಿಗೆ ಆರನೇ ವಯಸ್ಸಿನಿಂದ ನಡೆದಿದೆ.

ಅದಕ್ಕೇ ಒಂದೇ ಕೆಲಸ ಹೇಳುತ್ತೇನೆ, ಇದರಲ್ಲಿ ಚೌಕಾಸಿ ಇಲ್ಲ. ಸೋಮವಾರ ಸರ್ ಹತ್ತಿರ ಹೋಗಿ ಮುಂದಿನ ಸೆಮಿನಾರ್‌ನಲ್ಲಿ ಅಷ್ಟೇ ಹೊತ್ತು ಕೇಳಿ ತಗೋ. ನಿನ್ನ ಮನೆಯ ಬಗ್ಗೆ ಮಾತಾಡು. ಜಾತಿ ಹೆಸರು ಹೇಳಿ ಶುರು ಮಾಡು. ಮೇಲೆ ಕೇಳಿದ ಪ್ರಶ್ನೆಗಳಿಗೆ ಅವ್ವ, ಅಜ್ಜಿಯನ್ನು ಕೇಳಿ ನಿಜವಾದ ಉತ್ತರ ತಂದು ಹೇಳು. ಕಳೆದ ಸಲ ಹೇಳಿದ್ದರಲ್ಲಿ ಎಷ್ಟು ಗೆಳತಿಯಿಂದ ಕೇಳಿದ್ದು, ಅವಳು ಹೇಳು ಎಂದ ಯಾವ ಮಾತನ್ನು ಬಿಟ್ಟೆ, ಅದನ್ನು ಎಲ್ಲರ ಮುಂದೆ ಹೇಳಬಹುದೇ ಎಂದು ಮೊದಲು ಅವಳನ್ನು ಕೇಳು. ಬೇಡ ಎಂದರೆ ಬಿಡು. ಸರಿ ಮಾಡಿಕೊಡು, ಕಲಿಸಿಕೊಡು ಎಂದು ಅವಳ ಬೆನ್ನು ಹತ್ತಬೇಡ. ವಾಟ್ಸಾಪ್‌ನಲ್ಲಿ ಸಾರಿ ಕಳಿಸಬೇಡ. ಅವಳು ಆ ದಿನ ಕ್ಲಾಸಿಗೆ ಬರದಿದ್ದರೂ ಮಾತಾಡು.